ಉಬ್ಬಿನಾಚೆಯ ಗಾಜು

ಲಾದೀನಾಗೆ ಸ್ಕೀ ಮೇಲೆ ನಿಲ್ಲುವುದನ್ನು ಕಲಿಸಿದವಳೇ ಐತಾ. ಆಗ ಐತಾಗೆ ಒಂಬತ್ತು ವರ್ಷ, ಪಕ್ಕದ ಮನೆಯ ಲಾದೀನಾಗೆ ಏಳು. ಕೊಟ್ಟಿಗೆಯ ಹಿಂದಿನ ಹಿಮದ ಇಳಿಜಾರಿನಲ್ಲಿ ಬಿದ್ದರೆ ಎತ್ತಿ, ಅತ್ತರೆ ಮೂಗು ಒರೆಸಿ, ಒಂದು ಚಳಿಗಾಲವಿಡೀ ಬೆನ್ನುಹತ್ತಿ ಕಲಿಸಿದ್ದಳು. ಊರಿನವರು ‘ಕೋಳಿ ಮತ್ತು ಮರಿ’ ಅಂತಲೇ ಕರೆಯುತ್ತಿದ್ದರು.

ಐತಾಳ ಅಪ್ಪ ಯಾಖೆನ್ ಊರ ಕ್ಲಬ್ಬಿನ ಕೋಚು. ಅವನ ಬಾಯಿಂದ ಹೊಗಳಿಕೆ ಬರುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಐತಾ ಹದಿನಾರಕ್ಕೆ ಜಿಲ್ಲೆಗೇ ಮೊದಲು ಬಂದಾಗಲೂ ‘ಪರವಾಗಿಲ್ಲ’ ಅಂದವನು ಅವನು. ಐತಾ ಆ ಒಂದು ಮಾತನ್ನೇ ಎರಡು ವರ್ಷ ಜೋಪಾನ ಮಾಡಿದ್ದಳು.

ಅವಳಿಗೆ ಹದಿನೆಂಟಾದ ವರ್ಷದ ನವೆಂಬರಿನಲ್ಲಿ ಅಪ್ಪ ನೆಲಮಾಳಿಗೆಯಲ್ಲಿ ಲಾದೀನಾಳ ಸ್ಕೀ ಅಂಚಿಗೆ ಅರ ಉಜ್ಜುತ್ತ, ತನ್ನಷ್ಟಕ್ಕೇ ಎಂಬಂತೆ ಹೇಳಿದ: “ಸ್ಕೀ ಮೇಲೆ ಆ ಹುಡುಗಿ ಕಾಲು ನೋಡಿದೀಯೇನೇ? ಮೂವತ್ತು ವರ್ಷದಲ್ಲಿ ಅಂಥ ಕಾಲು ನಾನು ಕಂಡಿಲ್ಲ.”

“ಹೌದಾ?” ಅಂದಳು ಐತಾ. ಅಷ್ಟೇ ಅಂದದ್ದು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಲಾದೀನಾ ನಕ್ಕರೆ ಉರಿ, ಸುಮ್ಮನಿದ್ದರೆ ಇನ್ನೂ ಉರಿ. ಅವಳು ಇವರ ಮನೆಯಲ್ಲಿ ಬಾರ್ಲಿ ಸೂಪು ಎರಡನೇ ಸಲ ಬಡಿಸಿಕೊಂಡರೂ ‘ತಿನ್ನು, ತಿನ್ನು, ನಿನ್ನ ಕಾಲಿಗೇ ಅಲ್ಲವಾ ಎಲ್ಲ’ ಅಂತ ಐತಾ ಒಳಗೊಳಗೇ ಕುದಿಯುವಳು. ಹುಡುಗಿಗೆ ಇದರ ಗಾಳಿಯೂ ಇಲ್ಲ. “ಐತಾ, ನನ್ನ ಜಡೆ ಹೆಲ್ಮೆಟ್ ಒಳಗೆ ತುರುಕೇ” ಅಂತ ಎಂದಿನಂತೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಜನವರಿಯಲ್ಲಿ ಘಾಟಿಯಾಚೆಯ ಸವೋನ್ಯಿನ್ ಊರಿನಲ್ಲಿ ಸೂಪರ್-ಜಿ ಎನ್ನುವ ವೇಗದ ಇಳಿಜಾರು ಸ್ಪರ್ಧೆ. ಒಂದೇ ಓಟ, ಎರಡನೇ ಅವಕಾಶ ಇಲ್ಲ. ಪ್ರಾಂತದ ತಂಡಕ್ಕೆ ಒಬ್ಬಳನ್ನು ಆರಿಸುತ್ತಾರೆ ಅನ್ನುವ ಸುದ್ದಿ ಇತ್ತು. ಇಳಿಯುವ ಸರದಿಯಲ್ಲಿ ಐತಾಳ ಸಂಖ್ಯೆ ನಾಲ್ಕು, ಲಾದೀನಾಳದು ಇಪ್ಪತ್ತೆರಡು.

ಬೆಳಿಗ್ಗೆ ಎಲ್ಲರೂ ಓಟದ ದಾರಿಯನ್ನು ಪರೀಕ್ಷಿಸಿ ಬಂದಾಗ ಹಿಮ ಚೆನ್ನಾಗಿಯೇ ಇತ್ತು. ಆಮೇಲೆ ಗಾಳಿ ಎದ್ದಿತು. ಐತಾ ದಾರಿಯ ಕೆಳಭಾಗದಲ್ಲಿದ್ದ ಉಬ್ಬು ಹಾರಿ ಇಳಿದದ್ದೇ ತಡ, ಸ್ಕೀ ಕೆಳಗೆ ಹಿಮವೇ ಇರಲಿಲ್ಲ. ಗಾಳಿ ಮೇಲಿನದನ್ನೆಲ್ಲ ಗುಡಿಸಿ ಒಯ್ದು, ಮಂಜುಗಡ್ಡೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಹೇಗೋ ಬ್ರೇಕ್ ಹಾಕಿ ಸಾವರಿಸಿಕೊಂಡು ಗೆರೆ ದಾಟಿದಳು. ಆದರೂ ಸಮಯ ಚೆನ್ನಾಗಿತ್ತು, ಸದ್ಯಕ್ಕೆ ಅವಳೇ ಮೊದಲು.

ಮೊದಲು ಇಳಿದವರು ಮೇಲಿರುವವರಿಗೆ ದಾರಿಯ ಸುದ್ದಿ ಹೇಳುವುದು ಪದ್ಧತಿ. ಮೇಲೆ ಲಾದೀನಾಳ ಜೊತೆ ನಿಂತಿದ್ದ ಅಪ್ಪನ ದನಿ ಕ್ಲಬ್ಬಿನ ರೇಡಿಯೋದಲ್ಲಿ ಬಂತು. “ಐತಾ, ಉಬ್ಬಿನಾಚೆ ಹೇಗಿದೆ? ಲಾದೀನಾ ಕೇಳ್ತಿದಾಳೆ.”

ಐತಾ ರೇಡಿಯೋ ತುಟಿಗೆ ಹಿಡಿದಳು. ‘ಲಾದೀನಾ ಕೇಳ್ತಿದಾಳೆ.’ ನಿನ್ನ ಓಟ ಹೇಗಾಯ್ತು ಮಗಳೇ ಅಂತ ಅಪ್ಪ ಕೇಳಲಿಲ್ಲ.

“ಚೆನ್ನಾಗಿದೆ,” ಅಂದಳು. “ಹಿಡಿತ ಇದೆ. ಬ್ರೇಕ್ ಹಾಕೋದು ಬೇಡ, ನೇರ ಬಿಡು ಅನ್ನು.”

ಹೇಳಿದ್ದನ್ನು ತಿದ್ದಲು ಇನ್ನೂ ಅರ್ಧ ಗಂಟೆ ಇತ್ತು. ಒಬ್ಬೊಬ್ಬರಾಗಿ ಬೇರೆ ಕ್ಲಬ್ಬುಗಳ ಹುಡುಗಿಯರು ಇಳಿದರು. ಉಬ್ಬಿನಾಚೆ, ಮೇಲಿನವರಿಗೆ ಕಾಣದ ಕಡೆ, ಒಬ್ಬಳು ಬಿದ್ದು ದಾರಿ ಬದಿಯ ತಡೆಬಲೆಗೆ ಹೋದಳು, ಉಳಿದವರು ಹೆದರಿ ವೇಗ ತಗ್ಗಿಸಿದರು. ರೇಡಿಯೋ ಐತಾಳ ಕೈಯಲ್ಲೇ ಇತ್ತು. ಗುಂಡಿ ಒತ್ತಿದರೆ ಮುಗಿಯಿತು. ಅವಳು ಒತ್ತಲಿಲ್ಲ.

ಲಾದೀನಾ ಉಬ್ಬಿನ ಮೇಲಿಂದ ಬಾಣದ ಹಾಗೆ ಬಂದಳು. ಗಾಜಿಗೆ ತಾಗಿದ್ದೇ ಒಂದು ಸ್ಕೀ ಗಾಳಿಗೆ ಎದ್ದಿತು, ಸೊಂಟ ನೆಲಕ್ಕೆ ಉಜ್ಜಿತು, ಕೆಂಪು ಬಲೆ ಮೈಮೇಲೇ ಬಂದಂತಾಯಿತು. ಐತಾಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ “ಏಳೇ!” ಅನ್ನುವ ಕೂಗು ಹೊರಟಿತು. ಲಾದೀನಾ ಎದ್ದಳು. ಹೇಗೆ ಎದ್ದಳೋ ದೇವರಿಗೇ ಗೊತ್ತು. ಬಲೆಗೆ ಒಂದು ಗೇಣು ಇರುವಾಗ ಸ್ಕೀಯ ಅಂಚು ಗಡ್ಡೆಯನ್ನು ಕಚ್ಚಿತು. ವೇಗ ತಗ್ಗಿಸದೇ ಬಂದವಳು ಅವಳೊಬ್ಬಳೇ ಆದ್ದರಿಂದ, ಅಷ್ಟೆಲ್ಲ ಜಾರಿಯೂ ಐತಾಗಿಂತ ಅರ್ಧ ಸೆಕೆಂಡು ಮುಂದಿದ್ದಳು.

ಬಂದವಳೇ ಐತಾಳ ಕುತ್ತಿಗೆಗೆ ಜೋತುಬಿದ್ದಳು. “ಗೆದ್ದಿದ್ದು ನಿನ್ನಿಂದ ಕಣೇ! ನೀನು ನೇರ ಬಿಡು ಅನ್ನದೇ ಇದ್ದಿದ್ರೆ ನಾನು ಹೆದರಿ ಬ್ರೇಕ್ ಹಾಕ್ತಿದ್ದೆ!”

ಐತಾ ಅವಳ ಬೆನ್ನು ತಟ್ಟಿದಳು. ಕೈ ಮರದ ಕೈ ಆಗಿತ್ತು.

ಊರಿಗೆ ಮರಳುತ್ತ ಯೂಲಿಯರ್ ಘಾಟಿ ಹತ್ತುವಾಗ ವ್ಯಾನಿನಲ್ಲಿ ಮೂವರೇ. ಲಾದೀನಾ ಹಿಂದಿನ ಸೀಟಿನಲ್ಲಿ ವಾಲ್‌ನಟ್ ಕೇಕು ತಿನ್ನುತ್ತ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಐತಾ ಹೇಳಿದ್ದಕ್ಕೇ ಅಮ್ಮ, ಐತಾನೇ...”

“ನಾನು ಸುಳ್ಳು ಹೇಳಿದೆ,” ಅಂದಳು ಐತಾ.

ಲಾದೀನಾ ಫೋನು ಕೆಳಗಿಳಿಸಿದಳು. ಅಪ್ಪ ವ್ಯಾನನ್ನು ರಸ್ತೆ ಬದಿಗೆ ತೆಗೆದುಕೊಂಡ.

“ಅಲ್ಲಿ ಬರೀ ಗಡ್ಡೆ ಇತ್ತು. ನಂಗೆ ಗೊತ್ತಿತ್ತು. ಬೇಕೂಂತಲೇ ಹೇಳಿದೆ.”

“ನನ್ನ ಮಂಡಿ ಹೋಗ್ತಿತ್ತಲ್ಲೇ,” ಅಂದಳು ಲಾದೀನಾ ಸಣ್ಣ ದನಿಯಲ್ಲಿ.

“ಯಾಕೆ?” ಅಂದ ಅಪ್ಪ.

“ಅವಳ ಕಾಲಿನ ಬಗ್ಗೆ ಹೇಳಿದ್ದನ್ನ ನನ್ನ ಬಗ್ಗೆ ಯಾವತ್ತಾದ್ರೂ ಹೇಳಿದೀಯಾ ಅಪ್ಪಾ? ಸುಳ್ಳಿಗಾದ್ರೂ?”

“ಹೇಳಬೇಕಿತ್ತು,” ಅಂದ ಯಾಖೆನ್. “ಅದು ನನ್ನ ತಪ್ಪು. ಇವತ್ತಿನದು ನಿಂದು. ಈ ಚಳಿಗಾಲ ನೀನು ನನ್ನ ಕ್ಲಬ್ಬಿನ ಪರವಾಗಿ ಸ್ಪರ್ಧೆಗೆ ಇಳಿಯೋ ಹಾಗಿಲ್ಲ.”

ಲಾದೀನಾ ಪ್ರಾಂತದ ತಂಡ ಸೇರಿದಳು. ಐತಾಳ ಮನೆಗೆ ಬರುವುದು ಬಿಟ್ಟಳು. ಆ ಚಳಿಗಾಲ ಐತಾ ಹುಡುಗಿಯರ ಓಟಕ್ಕೆ ಮುಂಚೆ ದಾರಿ ಸಮ ಮಾಡುವ ಗುಂಪಿನಲ್ಲಿ ಸಲಿಕೆ ಹಿಡಿದಳು. ಮರುವರ್ಷ ಬೇರೆ ಕಣಿವೆಯ ಕೋಚಿನ ಕೈಕೆಳಗೆ ಸ್ಪರ್ಧೆಗೆ ಮರಳಿದಳು, ಫೆಬ್ರವರಿಯಲ್ಲಿ ಒಂದು ಕಡೆ ಮೂರನೆಯವಳಾದಳು. ಮೊದಲನೆಯವಳು ಲಾದೀನಾ.

ಬಹುಮಾನದ ವೇದಿಕೆಯಿಂದ ಇಳಿಯುವಾಗ ಇಬ್ಬರೂ ಅಕ್ಕಪಕ್ಕ ಬಿದ್ದರು.

“ಇನ್ನೂ ಹೊಟ್ಟೆ ಉರಿಯುತ್ತಾ?” ಅಂತ ಕೇಳಿದಳು ಲಾದೀನಾ, ಮುಖ ನೋಡದೆ.

“ಉರಿಯುತ್ತೆ.”

“ಉರೀಲಿ ಬಿಡು. ನನಗೆ ಸುಳ್ಳು ಮಾತ್ರ ಹೇಳ್ಬೇಡ.”

“ಇಲ್ಲ,” ಅಂದಳು ಐತಾ. ಲಾದೀನಾ ತಲೆಯಾಡಿಸಿ ತನ್ನ ತಂಡದವರ ಕಡೆ ಹೊರಟಳು. ಐತಾ ನೋಡುತ್ತಲೇ ನಿಂತಳು. ನಿಜಕ್ಕೂ ಎಂಥ ಕಾಲು, ಹಾಳಾದ್ದು.