ಮುಂದಿನ ಸಾಲಿನಲ್ಲಿ ಅಪ್ಪ

ಇನ್ನೆಸ್ ಪಿರ್ರಿಗೆ ದಿನಾ ಮಧ್ಯಾಹ್ನ ಅಣ್ಣನ ಕೈಯಲ್ಲಿ ಏಟು ತಿನ್ನುವುದು ಅಭ್ಯಾಸವಾಗಿಹೋಗಿತ್ತು. ತಿಂದಷ್ಟೇ ಕೊಡುತ್ತಲೂ ಇದ್ದ. ಎಡಿನ್‌ಬರೋದ ಕೌಗೇಟ್ ಬೀದಿಯಲ್ಲಿ, ಸೇತುವೆಯ ಕಮಾನಿನ ಕೆಳಗಿನ ಒಂದು ನೆಲಮಾಳಿಗೆಯಲ್ಲಿ, ಆಗಸ್ಟ್ ತಿಂಗಳಿಡೀ ಅವರಿಬ್ಬರ ನಾಟಕ. ಕಲ್ಲಿನ ಗೋಡೆ ಸದಾ ಬೆವರುತ್ತಿತ್ತು. ರಂಗಕ್ಕೂ ಜನಕ್ಕೂ ನಡುವೆ ಸೀಮೆಸುಣ್ಣದ ಒಂದು ಗೆರೆ, ಅಷ್ಟೇ. ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ರಾಯಲ್ ಮೈಲ್ ರಸ್ತೆಯ ಜಿಟಿಜಿಟಿ ಮಳೆಯಲ್ಲಿ ನಿಂತು, ಕಂಡಕಂಡವರ ಕೈಗೆ ಕರಪತ್ರ ತುರುಕಿ, ಒಬ್ಬರ ಕಪಾಳಕ್ಕೊಬ್ಬರು ಎರಡು ಬಿಟ್ಟು ತೋರಿಸಿ, ಜನರನ್ನು ಕರೆಯುತ್ತಿದ್ದರು.

ನಾಟಕದ ಹೆಸರು 'ಸೂಪು ಆರುತ್ತಿದೆ'. ಒಂದು ಮೇಜು, ಒಂದು ಪಾತ್ರೆ ಬೇಳೆ ಸೂಪು, ಒಂದೇ ಚಮಚ, ಇಬ್ಬರು ಗಂಡಸರು. ಇಬ್ಬರೂ ತಾನೇ ಅಪ್ಪ, ಎದುರಿಗೆ ಕೂತವನು ತನ್ನ ಮಗ ಎಂದು ನಂಬಿದ್ದಾರೆ. ಅಪ್ಪನಾದವನು ಮೊದಲು ಉಣ್ಣಬೇಕು. ಅಪ್ಪ ಯಾರೆಂಬುದು ಇತ್ಯರ್ಥವಾಗುವುದಿಲ್ಲ, ಹಾಗಾಗಿ ಯಾರೂ ಉಣ್ಣುವುದಿಲ್ಲ. ಜಗಳ ಸೂಪಿನಿಂದ ಇಲ್ಲದ ಒಂದು ಹಸುವಿಗೆ, ಹಸುವಿನಿಂದ ಟೋಪಿಗೆ, ಟೋಪಿಯಿಂದ ಹವೆಗೆ ಹೋಗಿ, ಪ್ರತಿ ಸಲವೂ ಹೊಡೆದಾಟದಲ್ಲಿ ಮುಗಿಯುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೊಡೆತವೆಲ್ಲ ಸುಳ್ಳು. ಅಣ್ಣ ಡೂಗಲ್‌ನ ಅಂಗೈ ತಮ್ಮನ ಕೆನ್ನೆಯ ಪಕ್ಕದಿಂದ ಗಾಳಿಯಲ್ಲಿ ಹಾದುಹೋಗುವಾಗ ಇನ್ನೆಸ್ ತನ್ನ ಎದೆಗೆ ತಾನೇ ತಟ್ಟಿಕೊಂಡು ಸದ್ದು ಮಾಡುತ್ತಿದ್ದ. ಸೌಟು ರಬ್ಬರಿನದು. ತಟ್ಟೆ ತೆಳು ತಗಡಿನದು, ಆರ್ಭಟ ಜಾಸ್ತಿ, ನೋವು ಕಡಿಮೆ. ಸೂಪಿನ ಪಾತ್ರೆ ಮಾತ್ರ ನಿಜವಾದ್ದು, ಅಜ್ಜಿಯ ಕಾಲದ ದಪ್ಪ ಕಬ್ಬಿಣದ ಪಾತ್ರೆ. ಅದನ್ನು ಯಾರ ಮೇಲೂ ಎತ್ತುವಂತಿರಲಿಲ್ಲ.

ಈ ಸುಳ್ಳು ಏಟುಗಳನ್ನು ಅವರು ನಟನೆಯ ಶಾಲೆಯಲ್ಲಿ ಕಲಿತಿದ್ದರು. ನಿಜವಾದವನ್ನು ಕಲಿತದ್ದು ಹುಟ್ಟಿದ ಕಡಲೂರು ಪಿಟನ್‌ವೀಮ್‌ನಲ್ಲಿ, ಬಂದರಿನ ಪಕ್ಕದ ಮನೆಯಲ್ಲಿ. ಅಪ್ಪ ಹೆಕ್ಟರ್ ಏಡಿ ಹಿಡಿಯುವ ದೋಣಿಯವನು. ಕಡಲು ಕೈಕೊಟ್ಟ ದಿನ ಮನೆಗೆ ಬಂದು, ಒದ್ದೆ ಹಗ್ಗದ ತುದಿಗೆ ಗಂಟು ಹಾಕಿ ಮಕ್ಕಳಿಗೆ ಬಾರಿಸುತ್ತಿದ್ದ. ಕಡಲು ಕೈಹಿಡಿದ ದಿನ ಕುಡಿದು ಬಂದು ಬಾರಿಸುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದಳು. ಹಗ್ಗ ಎದ್ದಾಗಲೆಲ್ಲ ಡೂಗಲ್ ತಮ್ಮನನ್ನು ಬೆನ್ನ ಹಿಂದೆ ತಳ್ಳಿ ತಾನು ಮುಂದೆ ನಿಲ್ಲುತ್ತಿದ್ದ. ಅವನ ಭುಜದ ಮೇಲಿನ ಬರೆಗಳು ಈಗಲೂ ಮಾಸಿಲ್ಲ. ದೊಡ್ಡವರಾದ ಮೇಲೆ ಇಬ್ಬರೂ ಊರು ಬಿಟ್ಟವರು ತಿರುಗಿ ನೋಡಿರಲಿಲ್ಲ. ಇನ್ನೆಸ್ ಹಾಗೆ ತಿಳಿದುಕೊಂಡಿದ್ದ.

ಅವತ್ತು ಪರದೆಯ ಹಿಂದೆ ಇನ್ನೆಸ್ ಷೂ ಕಟ್ಟಿಕೊಳ್ಳುತ್ತಿದ್ದಾಗ ದೀಪ ನೋಡಿಕೊಳ್ಳುವ ಮೊರ್ವೆನ್ ಇಣುಕಿದಳು.

"ಮುಂದಿನ ಸಾಲಲ್ಲಿ ಒಂದು ಮುದುಕ ಕೂತಿದೆ ಕಣ್ರಪ್ಪ. ಕಾಲು ಚಾಚಿ ಗೆರೆ ದಾಟಿಸಿದೆ. ಸ್ವಲ್ಪ ಒಳಗೆ ಎಳ್ಕೊಳ್ಳಿ ಅಂದ್ರೆ, 'ನಟರು ನನ್ನ ಮಕ್ಕಳು, ನಾನು ಎಲ್ಲಿ ಬೇಕಾದ್ರೂ ಇಡ್ತೀನಿ' ಅನ್ನುತ್ತೆ. ಹೌದಾ?"

ಇನ್ನೆಸ್ ಪರದೆಯ ಸಂದಿಯಿಂದ ನೋಡಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ತೊಡೆಯ ಮೇಲೆ ಊರಿದ ಆ ಎರಡು ಕೈಗಳು ಮಾತ್ರ ಹಾಗೇ ಇದ್ದವು, ಅಗಲವಾಗಿ, ಕೆಂಪಗೆ.

"ಯಾರು ಕರೆದದ್ದು ಇವನನ್ನ?"

ಡೂಗಲ್ ಕನ್ನಡಿಯಿಂದ ತಲೆ ಎತ್ತಲಿಲ್ಲ. "ನಾನೇ."

"ತಲೆ ಕೆಟ್ಟಿದೆಯೇನೋ ನಿಂಗೆ?"

"ಒಂದ್ಸಲ ನೋಡ್ಲಿ ಅನ್ನಿಸ್ತು. ನಾವೇನು ಮಾಡ್ತೀವಿ ಅಂತ. ಅಷ್ಟೇ ಕಣೋ."

"ನೋಡಿ ಏನು ಮಾಡ್ತಾನೆ? ಹಾರ ಹಾಕ್ತಾನಾ?"

"ಬಾಯಿ ಮುಚ್ಕೊಂಡು ಟೋಪಿ ಹಾಕ್ಕೋ, ಇನ್ನೆಸ್. ಜನರ ಕಡೆ ದೀಪ ಹೋಯ್ತು."

ನಾಟಕ ಶುರುವಾಯಿತು. ಡೂಗಲ್‌ನ ದನಿ ಎಂದಿಗಿಂತ ಒಂದು ಸ್ವರ ಮೇಲಿತ್ತು.

"ಸೂಪು ಬಿಸಿ ಇದೆಯಾ, ಮಗನೇ?"

"ನಿನ್ನನ್ನೇ ಕೇಳ್ಬೇಕು ಅಂತಿದ್ದೆ, ಮಗನೇ."

"ನಾನು ಹುಟ್ಟಿದಾಗ ನೀನೆಲ್ಲಿದ್ದೆ?"

"ಅಡುಗೆಮನೇಲಿ. ನಿನಗೆ ಹೆಸರು ಹುಡುಕ್ತಿದ್ದೆ."

"ಸಿಕ್ತಾ?"

"ಸಿಕ್ಕಿತ್ತು. ಹಸುಗೆ ಇಟ್ಟುಬಿಟ್ಟೆ."

ಜನ ನಕ್ಕರು. ಹೆಕ್ಟರ್ ನಗಲಿಲ್ಲ. ಚರ್ಚಿನಲ್ಲಿ ಪಾದ್ರಿಯ ಮಾತು ಮುಗಿಯುವುದನ್ನು ಕಾಯುವವನಂತೆ ಗದ್ದ ಇಳಿಸಿ ಕೂತಿದ್ದ. ಡೂಗಲ್ ಅದನ್ನು ನೋಡಿದ. ಹಸುವಿನ ಮಾತಿಗೆ ಒಂದು ಕಪಾಳಮೋಕ್ಷ ಇತ್ತು. ಅವನ ಕೈ ಗಾಳಿಯಲ್ಲಿ ಹಾಯಬೇಕಾದ ಕಡೆ ಹಾಯಲಿಲ್ಲ. ಬೆರಳುಗಳು ಇನ್ನೆಸ್‌ನ ಕೆನ್ನೆಗೆ ಪಟೀರೆಂದು ಬಿದ್ದವು.

ಕೈ ತಪ್ಪಿತು, ಅಷ್ಟೇ. ಇಂಥದ್ದು ಆಗುತ್ತದೆ. ಆದರೆ ಅದೇ ಕ್ಷಣಕ್ಕೆ ಮುಂದಿನ ಸಾಲಿನಿಂದ ನಾಯಿ ಬೊಗಳಿದಂತೆ ಒಂದು ನಗು ಬಂತು. ಹೆಕ್ಟರ್ ತೊಡೆ ತಟ್ಟಿಕೊಂಡು ನಗುತ್ತಿದ್ದ.

ಇನ್ನೆಸ್ ಆ ನಗು ಕೇಳಿದ್ದು ಅದೇ ಮೊದಲು. ಅಣ್ಣನ ಮುಖ ನೋಡಿದ. ಅಲ್ಲಿ ಏನೋ ಬೆಳಗಿತು. ಅವನು ತಮ್ಮನನ್ನು ನೋಡುತ್ತಿರಲಿಲ್ಲ. ತಮ್ಮನ ಹೆಗಲ ಮೇಲಿಂದ ಮುಂದಿನ ಸಾಲನ್ನು ನೋಡುತ್ತಿದ್ದ.

ಎರಡನೆಯ ಏಟು ಕೈತಪ್ಪಿದ್ದಲ್ಲ. ಸೌಟು ಎತ್ತಬೇಕಾದ ಕಡೆ ಡೂಗಲ್ ಮುಷ್ಟಿ ಕಟ್ಟಿ ಕಿವಿಯ ಮೇಲೆ ಗುದ್ದಿದ. ಇನ್ನೆಸ್‌ನ ತಲೆಯೊಳಗೆ ಗಂಟೆ ಹೊಡೆದಂತಾಯಿತು. ಮಾತು ಮರೆತುಹೋಯಿತು. ತಡವರಿಸಿದ್ದಕ್ಕೆ ಜನ ಇನ್ನಷ್ಟು ನಕ್ಕರು. ಹೆಕ್ಟರ್ ಪಕ್ಕದವನ ಪಕ್ಕೆಗೆ ತಿವಿದು, "ದೊಡ್ಡೋನು ನೋಡು, ದೊಡ್ಡೋನು!" ಎಂದ.

ಟೋಪಿಯ ಜಗಳದಲ್ಲಿ ತಗಡಿನ ತಟ್ಟೆ ಬಂತು. ಅಗಲಕ್ಕೆ ಬಾರಿಸಬೇಕಾದ್ದು ಅಂಚಿನಲ್ಲಿ ಬಂತು. ಮೂಗಿನ ಎಲುಬು ಸೀಳಿದ ಸದ್ದು ಇನ್ನೆಸ್‌ಗೆ ಒಳಗಿನಿಂದ ಕೇಳಿಸಿತು. ರಕ್ತ ಬಾಯಿಗಿಳಿದು ಉಪ್ಪಾಯಿತು, ಅಂಗಿಯ ಮೇಲೆ ಸುರಿಯಿತು. ಹಿಂದಿನ ಸಾಲಿನಲ್ಲಿ ಒಬ್ಬಳು ಹೆಂಗಸು, "ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪ!" ಎಂದು ಚಪ್ಪಾಳೆ ತಟ್ಟಿದಳು.

ಇಬ್ಬರೂ ಒಬ್ಬರ ಕತ್ತೊಬ್ಬರು ಹಿಡಿದುಕೊಂಡು ಮೇಜಿನ ಸುತ್ತ ಸುತ್ತುವ ಜಾಗ ಬಂದಾಗ ಇನ್ನೆಸ್ ಪಿಸುಗುಟ್ಟಿದ. "ಡೂಗಲ್, ಸಾಕು. ಮೂಗು ಮುರಿದಿದೀಯ. ನಿಲ್ಲಿಸೋ."

"ನಗ್ತಿದಾನೆ ಕಣೋ," ಎಂದ ಡೂಗಲ್. ಅವನ ಕಣ್ಣು ತುಂಬಿತ್ತು. "ಕೇಳಿಸ್ಲಿಲ್ವಾ? ನಗ್ತಿದಾನೆ." ಹಾಗೆನ್ನುತ್ತಲೇ ಮೊಣಕಾಲು ಎತ್ತಿ ತಮ್ಮನ ಹೊಟ್ಟೆಗೆ ಗುಮ್ಮಿದ.

ಇನ್ನೆಸ್ ಮೇಜಿನ ಮೇಲೆ ಮಗುಚಿ ಬಿದ್ದ. ಉಸಿರು ಸಿಗಲಿಲ್ಲ. ಮುಖದ ಪಕ್ಕದಲ್ಲಿ ಸೂಪಿನ ಪಾತ್ರೆ ಇತ್ತು. ನಿಲ್ಲಿಸಬಹುದಿತ್ತು. ಗೆರೆ ದಾಟಿ ಜನರ ನಡುವೆ ಹೋಗಿ ನಿಂತು, ಇದು ನಾಟಕವಲ್ಲ ಎನ್ನಬಹುದಿತ್ತು. ಮೊರ್ವೆನ್‌ಗೆ ಕೈ ಬೀಸಿದ್ದರೆ ದೀಪ ಆರಿಸುತ್ತಿದ್ದಳು. ಇದೆಲ್ಲ ಅವನಿಗೆ ಹೊಳೆಯಿತು. ಹೊಳೆಯುತ್ತಿರುವಾಗಲೇ ಅವನ ಎರಡೂ ಕೈ ಪಾತ್ರೆಯ ಹಿಡಿಕೆಗೆ ಹೋಗಿದ್ದವು.

ಸೂಪು ಗಾಳಿಯಲ್ಲಿ ಹಾರಿತು. ಕಬ್ಬಿಣ ಡೂಗಲ್‌ನ ಬಾಯಿಗೆ ಅಡ್ಡಲಾಗಿ ಅಪ್ಪಳಿಸಿತು. ಹಲ್ಲು ನೆಲದ ಮೇಲೆ ಟಣ್ಣೆಂದು ಪುಟಿಯಿತು. ಡೂಗಲ್ ಮಂಡಿಯೂರಿ ಕುಸಿದ, ತುಟಿ ಎರಡಾಗಿ ನೇತಾಡುತ್ತಿತ್ತು. ನೆಲಮಾಳಿಗೆ ನಗುವಿನಿಂದ ನಡುಗಿತು. ಇನ್ನೆಸ್ ಪಾತ್ರೆಯನ್ನು ಮತ್ತೆ ಎತ್ತಿದ.

"ಏಳೋ!" ಹೆಕ್ಟರ್ ಎದ್ದು ನಿಂತಿದ್ದ. "ಏಳೋ ಹೆಣ್ಣಿಗ! ಚಿಕ್ಕೋನ ಕೈಲಿ ತಿಂದು ಬಿದ್ಕೊಂಡಿದೀಯಾ? ಎದ್ದು ಹೊಡಿ!"

ಅವನು ಗೆರೆ ದಾಟಿ ಬಂದ. ಡೂಗಲ್‌ನ ಕೂದಲು ಹಿಡಿದು ತಲೆ ಹಿಂದಕ್ಕೆ ಎಳೆದು, ಒಡೆದ ಬಾಯಿಯ ಮೇಲೆಯೇ ಒಂದು ಬಿಟ್ಟ. ಆಮೇಲೆ ಇನ್ನೊಂದು. ನಲವತ್ತು ದಾಟಿದ ಡೂಗಲ್, ಮುದುಕನನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯಬಲ್ಲ ಆಳು, ಎರಡೂ ತೋಳು ತಲೆಗೆ ಸುತ್ತಿಕೊಂಡು ನೆಲದ ಮೇಲೆ ಮುದುರಿದ. "ಬೇಡ ಅಪ್ಪ, ಬೇಡ ಅಪ್ಪ," ಎಂದು ಸಣ್ಣ ದನಿಯಲ್ಲಿ ಅನ್ನುತ್ತಿದ್ದ. ಮೂರನೆಯ ಪಾತ್ರವೊಂದು ಜನರ ನಡುವಿನಿಂದಲೇ ಎದ್ದು ಬಂದದ್ದಕ್ಕೆ ಎಲ್ಲರೂ ಕೇಕೆ ಹಾಕಿದರು.

ಇನ್ನೆಸ್ ಪಾತ್ರೆ ಬಿಟ್ಟ. ಮೂರನೆಯ ಏಟಿಗೆ ಎದ್ದ ಕೈಯ ಮಣಿಕಟ್ಟು ಹಿಡಿದ. ಹೆಕ್ಟರ್ ತಿರುಗಿ ನೋಡಿದ.

"ಬಿಡೋ, ಚೋಟುದ್ದ."

ಇನ್ನೆಸ್ ಬಿಡಲಿಲ್ಲ. ಆ ಕೈಯನ್ನು ಎಳೆದು ಮೇಜಿನ ಅಂಚಿಗೆ ಅಡ್ಡ ಇಟ್ಟು, ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದ. ಒಣ ಸೌದೆ ಮುರಿದ ಸದ್ದಾಯಿತು. ಮುದುಕ ಕೂಗಿದ. ಇನ್ನೆಸ್ ಆಗಲೂ ಬಿಡದೆ ಇನ್ನೊಮ್ಮೆ ಒತ್ತಿದ. ಆ ಎರಡನೆಯ ಒತ್ತು ಬೇಕಿರಲಿಲ್ಲ. ಮೈಯೆಲ್ಲ ಬೆಚ್ಚಗಾಗಿ, ಇದುವರೆಗೆ ಯಾವ ಚಪ್ಪಾಳೆಯೂ ಕೊಡದ ಒಂದು ಸುಖ ಅವನ ಬೆನ್ನಹುರಿಯಲ್ಲಿ ಏರಿತು. ಎದುರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮೊರ್ವೆನ್ ದೀಪ ಆರಿಸಿದಳು.

ಆಸ್ಪತ್ರೆಯಲ್ಲಿ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ್ದರು. ಇನ್ನೆಸ್‌ನ ಮೂಗಿಗೆ ಹತ್ತಿ ತುರುಕಿದ್ದರು, ಡೂಗಲ್‌ನ ತುಟಿಗೆ ಹೊಲಿಗೆ ಬಿದ್ದಿತ್ತು. ಕೈ ಏನಾಯಿತು ಎಂದು ನರ್ಸ್ ಕೇಳಿದಾಗ ಹೆಕ್ಟರ್, "ಮೆಟ್ಟಿಲಲ್ಲಿ ಜಾರಿದೆ ತಾಯಿ," ಎಂದ. ಶಾಲೆಯಲ್ಲಿ ಕೇಳಿದರೆ ಹೇಳಬೇಕೆಂದು ಮಕ್ಕಳಿಗೆ ಅವನು ಕಲಿಸಿಕೊಟ್ಟ ಮಾತು ಅದೇ. ನರ್ಸ್ ಮೂವರ ಮುಖವನ್ನೂ ಒಮ್ಮೆ ನೋಡಿ, "ಮೂರು ಜನಾನೂ ಒಂದೇ ಮೆಟ್ಟಿಲಲ್ಲಾ?" ಎಂದು ಕೇಳಿ ಹೋದಳು.

ಹೆಕ್ಟರ್ ಇನ್ನೆಸ್‌ನ ಕಡೆ ವಾಲಿದ. ನೋವಿಗೆ ಹಣೆ ಬೆವರಿತ್ತು, ಆದರೂ ಮುಖದಲ್ಲಿ ಏನೋ ಗೆದ್ದ ಕಳೆ.

"ನೀನು ನಿಮ್ಮಮ್ಮನ ಥರ ಮೆತ್ತಗೆ ಅಂದ್ಕೊಂಡಿದ್ದೆ ಕಣೋ. ಇಲ್ಲ. ನೀನು ನನ್ನ ಮಗನೇ."

ಅವತ್ತು ಬಿದ್ದ ಏಟುಗಳಲ್ಲಿ ಯಾವುದೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಇನ್ನೆಸ್ ಎದ್ದು ಹೊರಗೆ ಹೋಗಿ, ಆಂಬುಲೆನ್ಸ್ ನಿಲ್ಲುವ ಜಾಗದ ಪಕ್ಕದಲ್ಲಿ ಬಗ್ಗಿ, ರಕ್ತವನ್ನೂ ಬೆಳಗಿನ ಮಾಂಸದ ಪೈಯನ್ನೂ ಕಾರಿಕೊಂಡ. ಹಿಂದಿನಿಂದ ಡೂಗಲ್ ಬಂದು ನಿಂತ. ಹೊಲಿಗೆ ಹಾಕಿದ ಬಾಯಲ್ಲಿ ಮಾತು ತೊದಲುತ್ತಿತ್ತು.

"ಮೊರ್ವೆನ್ ಫೋನ್ ಮಾಡಿದ್ಲು. ನಾಳೆದು ಒಂದು ಸೀಟೂ ಉಳಿದಿಲ್ವಂತೆ. ನಾಡಿದ್ದೂ ಅಷ್ಟೇ."

"ನಾನು ಬರಲ್ಲ."

"ಇನ್ನೆಸ್, ನಾನು ಬೇಕು ಅಂತ ಮಾಡ್ಲಿಲ್ಲ ಕಣೋ..."

"ಬೇಕು ಅಂತಲೇ ಮಾಡ್ದೆ. ನಾನೂ ಬೇಕು ಅಂತಲೇ ಮಾಡ್ದೆ. ಅವನ ಕೈ ಮುರೀತು ನೋಡು, ಅದಾದ್ಮೇಲೆ ಇನ್ನೊಂದ್ಸಲ ಒತ್ತಿದೆ. ಖುಷಿ ಆಯ್ತು ನಂಗೆ. ಹೊಟ್ಟೆ ತುಂಬಿದ ಹಾಗಾಯ್ತು. ನಾಳೆ ನಿನ್ನ ಮುಂದೆ ನಿಂತ್ರೆ ನಾನು ಗಾಳಿಗೆ ಹೊಡೀತೀನಿ ಅಂತ ನಿಂಗೆ ನಂಬಿಕೆ ಇದೆಯಾ? ನಂಗಿಲ್ಲ."

ಡೂಗಲ್ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಅತ್ತ. ಚಿಕ್ಕಂದಿನಲ್ಲಿ ಎಷ್ಟು ಬಾರಿಸಿದರೂ ಅಳದಿದ್ದವನು ಅವನು. ಇನ್ನೆಸ್ ಅವನ ಭುಜದ ಮೇಲೆ ಕೈಯಿಡಲು ಹೋದ. ಡೂಗಲ್ ಬೆಚ್ಚಿ ತಲೆ ತಗ್ಗಿಸಿದ. ಇನ್ನೆಸ್ ಕೈ ಹಿಂದಕ್ಕೆ ತೆಗೆದುಕೊಂಡ.

ಡೂಗಲ್ ಬೇರೆ ತಂಡದ ಒಬ್ಬ ನಟನನ್ನು ಹಿಡಿದು ಉಳಿದ ದಿನಗಳನ್ನು ಸಾಗಿಸಿದ. ಪತ್ರಿಕೆಯಲ್ಲಿ ಒಳ್ಳೆಯ ಮಾತು ಬಂತು, ಬೀದಿಯವರೆಗೂ ಸಾಲು ನಿಂತಿತು. ಆದರೆ ಹೊಡೆತ ಹೇಳಿದಷ್ಟು ಜೋರಾಗಿಲ್ಲ, ಆ ಮುದುಕನೂ ಬರುವುದಿಲ್ಲ ಎಂದು ನೋಡಿದವರು ಗೊಣಗಿಕೊಂಡು ಹೋದರಂತೆ.

ಇನ್ನೆಸ್ ಪಿಟನ್‌ವೀಮ್‌ಗೆ ಹೋದ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದ್ದ ಅಪ್ಪನಿಗೆ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಪ್ರೀತಿಯಿಂದ ಹೋದನೆಂದು ಯಾರಾದರೂ ಅಂದರೆ ಇನ್ನೆಸ್ ಒಪ್ಪುತ್ತಿರಲಿಲ್ಲ. ಮುರಿದವನು ತಾನು, ಕೂಡುವವರೆಗೆ ಇರಬೇಕಾದವನೂ ತಾನೇ ಎಂದಷ್ಟೇ ಅವನಿಗಿತ್ತು. ಮನೆಯಲ್ಲಿ ಡೀಸೆಲ್ಲಿನ, ಏಡಿಯ ವಾಸನೆ ಹಾಗೇ ಇತ್ತು. ಅಪ್ಪನಿಗೆ ಗಂಜಿ ಕಾಯಿಸಿ ಕೊಡುತ್ತಿದ್ದ, ಷೂ ಕಟ್ಟುತ್ತಿದ್ದ. ಮುದುಕ ಬೈಯುತ್ತಿದ್ದ: ಗಂಜಿಗೆ ಉಪ್ಪಿಲ್ಲ, ಗಂಟು ಸಡಿಲ, ನಾಟಕದವನ ಕೈಗೆ ಯಾವುದೂ ನೆಟ್ಟಗೆ ಬರಲ್ಲ. ಇನ್ನೆಸ್ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಗಡ್ಡ ಬೆಳೆದು ತುರಿಸತೊಡಗಿದಾಗ ಹೆಕ್ಟರ್ ಕ್ಷೌರ ಮಾಡು ಎಂದ. ಅವನದು ಹಳೆಯ ಕಾಲದ ಮಡಚುವ ಕತ್ತಿ. ಬೇರೆ ಯಾವುದೂ ಅವನ ಚರ್ಮಕ್ಕೆ ಆಗುತ್ತಿರಲಿಲ್ಲ. ಬೆಳಿಗ್ಗೆ, ಕಡಲ ಮಂಜು ಕಿಟಕಿಗೆ ಒತ್ತಿಕೊಂಡಿತ್ತು. ಇನ್ನೆಸ್ ಅವನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ನೊರೆ ಹಚ್ಚಿದ. ಒಂದು ಕೆನ್ನೆ ಆಯಿತು. ಗದ್ದ ಎತ್ತಿ, ಅಲಗನ್ನು ಗಂಟಲಿನ ಸುಕ್ಕಿನ ಮೇಲೆ ಇಟ್ಟಾಗ, ಅದರಡಿಯಲ್ಲಿ ನಾಡಿ ಹಕ್ಕಿಯಂತೆ ಹಾರುತ್ತಿರುವುದು ಬೆರಳಿಗೆ ತಿಳಿಯಿತು.

ಮುದುಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಇನ್ನೆಸ್‌ನ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ, ತನ್ನ ಬಗ್ಗೆ ತನಗೇ ಅಂಜಿಕೆಯಾದದ್ದು ಅದಕ್ಕೇ. ಅಪ್ಪನ ಕೈ ಮುರಿದಾಗಿನ ಆ ಬಿಸಿ ಮತ್ತೆ ಬೆನ್ನಿಗೆ ಏರತೊಡಗಿತ್ತು. ಅವನು ಉಸಿರು ಬಿಗಿಹಿಡಿದು ಅದು ಇಳಿಯುವವರೆಗೂ ಹಾಗೇ ನಿಂತ.

"ಹೆದರಿಕೆ ಆಗ್ತಿದೆಯಾ, ಅಪ್ಪ?"

ಹೆಕ್ಟರ್ ತುಟಿ ಅಲುಗಿಸದೆ, "ಹೂಂ," ಎಂದ.

"ನಮಗೂ ಆಗ್ತಿತ್ತು."

ಮುದುಕ ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯಂಚಿನಿಂದ ನೀರು ಇಳಿದು ನೊರೆಯಲ್ಲಿ ಸೇರಿತು. ಸಂಕಟವೋ, ಸಾಬೂನು ಕಣ್ಣಿಗೆ ಹೋಯಿತೋ, ಇನ್ನೆಸ್ ಕೇಳಲಿಲ್ಲ. ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಇನ್ನೊಂದು ಕೆನ್ನೆಗೆ ಮತ್ತೆ ನೊರೆ ಹಚ್ಚತೊಡಗಿದ.