ಸಾತಲಿಂಗಪ್ಪನವರ ಕೈಗುಣ

ದೀಪಾವಳಿ ಪಾಡ್ಯದ ತನಕ ಗಡುವು. ಅಷ್ಟರೊಳಗೆ ಸಿದ್ಧೇಶ್ವರನ ವೆಬ್‌ಸೈಟು ನಾಲ್ಕು ಕಾಸು ದುಡಿದು ತೋರಿಸಬೇಕು. ಇಲ್ಲವಾದರೆ ಪಾಡ್ಯದ ಪೂಜೆ ಮುಗಿದದ್ದೇ ಅವನು ಅಂಗಡಿಯ ಗಾದಿಯ ಮೇಲೆ ಕೂತು ಚಾದರ ಮಾರಬೇಕು. ಸೊಲ್ಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪನವರು ತೊಂಬತ್ತೊಂಬತ್ತರ ಶ್ರಾವಣದಲ್ಲಿ ಮಗನಿಗೆ ಹಾಕಿದ ಕರಾರು ಇದು. ಅವರು ಒಂದು ಮಾತು ಆಡಿದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದಲಾರ.

ವೆಬ್‌ಸೈಟಿನಲ್ಲಿ ಇದ್ದದ್ದಾದರೂ ಏನು? ಅಕ್ಕಲಕೋಟಕ್ಕೆ ಬರುವ ಭಕ್ತರಿಗೆ ಬೇಕಾದ ಸುದ್ದಿ. ಸೊಲ್ಲಾಪುರದಿಂದ ಯಾವ ಬಸ್ಸು ಯಾವಾಗ, ಎಲ್ಲಿ ಇಳಿದುಕೊಂಡರೆ ಚಲೋ, ಯಾವ ವಾರ ಗದ್ದಲ ಹೆಚ್ಚು. ಬಸ್ಸಿನ ವೇಳೆಯನ್ನು ಸಿದ್ಧೇಶ್ವರ ತಾನೇ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ನಿಂತು, ಡ್ರೈವರುಗಳ ಕೈಯಲ್ಲಿ ಬೈಸಿಕೊಂಡು ಬರೆದು ತಂದಿದ್ದ. ಪುಟದ ತಲೆಯ ಮೇಲೆ ಪರದೇಶದ ಕಂಪನಿಯೊಂದು ಕಳಿಸಿದ ಜಾಹೀರಾತಿನ ಪಟ್ಟಿ. ಓದಲು ಬಂದವರು ಅದನ್ನು ಒತ್ತಿದರೆ ಕಂಪನಿ ಇವನಿಗೆ ದುಡ್ಡು ಕೊಡುತ್ತದೆ.

"ಯಾರೋ ಒತ್ತತಾರಂತ, ಯಾರೋ ರೊಕ್ಕಾ ಕೊಡ್ತಾರಂತ," ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದರು. "ಗಾಳಿ ಗುದ್ದಿ ಮೈ ನೋಯಿಸ್ಕೊಂಡಂಗ."

ದಸರಾ ಕಳೆದ ಮೇಲೆ ಕಂಪನಿಯಿಂದ ಮೇಲ್ ಬಂತು. ಚೆಕ್ಕಿನ ಸುದ್ದಿಯೇ ಇರಬೇಕೆಂದು ತೆರೆದರೆ ಬೇರೆಯೇ ಸುದ್ದಿ. ನೀವು ಕೆಲಸ ಮಾಡುವ ಜಾಗದಿಂದಲೇ ದಿನಾ ಬೆಳಿಗ್ಗೆ, ಒಬ್ಬರ ಹಿಂದೊಬ್ಬರು ಬೇಕೆಂದೇ ಜಾಹೀರಾತು ಒತ್ತುತ್ತಿದ್ದಾರೆ, ಇದು ಮೋಸ, ಚೆಕ್ಕು ತಡೆದಿದ್ದೇವೆ, ಸರಿಯಾದ ಕಾರಣ ಕೊಡದಿದ್ದರೆ ಖಾತೆ ಬಂದ್ ಎಂದು ಬರೆದಿತ್ತು.

ಸಿದ್ಧೇಶ್ವರನ ಬಳಿ ಸ್ವಂತ ಕಂಪ್ಯೂಟರ್ ಇರಲಿಲ್ಲ. ಅವನು ಕೆಲಸ ಮಾಡುತ್ತಿದ್ದದ್ದು ಅಪ್ಪನ ಅಂಗಡಿಯ ಗಲ್ಲಿಯಲ್ಲೇ ಗೆಳೆಯ ತುಕಾರಾಮ ಇಟ್ಟಿದ್ದ ಸೈಬರ್ ಕೆಫೆಯಲ್ಲಿ, ಅದೂ ಸಂಜೆ ಮಾತ್ರ. ಅಂದಮೇಲೆ ಬೆಳಿಗ್ಗೆ ಒತ್ತುವವನು ತುಕಾರಾಮನೇ. ಉಂಡ ಮನೆಯ ಜಂತೆ ಎಣಿಸುವವನು ಎಂದು ಹಲ್ಲು ಕಡಿಯುತ್ತ, ಮರುದಿನ ಕೆಫೆ ತೆರೆಯುವ ಮೊದಲೇ ಹೋಗಿ ಎದುರಿನ ಚಹಾದಂಗಡಿಯಲ್ಲಿ ಕೂತ.

ಕೆಫೆಯ ಬಾಗಿಲು ತೆರೆಯಿತು. ಚಪ್ಪಲಿ ಹೊರಗೆ ಬಿಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಧೋತರದ ಚುಂಗು ಹಿಡಿದು ಒಳಗೆ ಹೋದವರು ಸಾಕ್ಷಾತ್ ಅವನ ಅಪ್ಪ. ಅವರ ಹಿಂದೆ ಪಕ್ಕದ ಅಂಗಡಿಯ ಕಾಮಣ್ಣ, ಕಾಮಣ್ಣನ ಹಿಂದೆ ಕಾಳಿನ ವ್ಯಾಪಾರಿ ಬಸಯ್ಯ. ತೆರೆದ ಬಾಗಿಲಲ್ಲಿ ಎಲ್ಲ ಕಾಣುತ್ತಿತ್ತು. ತುಕಾರಾಮ ಮೌಸ್ ಹಿಡಿಸಿ ಜಾಹೀರಾತಿನ ಪಟ್ಟಿ ತೋರಿಸಿದ. ಅಪ್ಪ ಒಂದೇ ಸಲ ಒತ್ತಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಕಾಮಣ್ಣ ಒತ್ತಿದ. ಆಮೇಲೆ ಬಸಯ್ಯ.

ಬೋಣಿ. ಸಿದ್ಧೇಶ್ವರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಿನದ ಮೊದಲ ಗಿರಾಕಿಯ ಕೈಗುಣ ಚಲೋ ಇದ್ದರೆ ಸಂಜೆತನಕ ವ್ಯಾಪಾರಕ್ಕೆ ತಡೆಯಿಲ್ಲ. ಆ ಗಲ್ಲಿಯಲ್ಲಿ ಯಾರೇ ಹೊಸ ಅಂಗಡಿ ಹಾಕಲಿ, ಹಿರಿಯರು ಬೆಳಿಗ್ಗೆ ಹೋಗಿ ಬೋಣಿ ಮಾಡಿಕೊಟ್ಟು ಬರುವುದು ಹಿಂದಿನಿಂದ ಬಂದ ಪದ್ಧತಿ. ಮನೆಯಲ್ಲಿ ಮಗನ ಧಂದೆಯನ್ನು ಹೀಗಳೆಯುತ್ತಿದ್ದ ಅಪ್ಪ, ಇಲ್ಲಿ ದಿನಾ ಅದಕ್ಕೆ ಬೋಣಿ ಮಾಡುತ್ತಿದ್ದರು.

ಸಿಟ್ಟು ಎತ್ತ ಹೋಯಿತೋ ಅವನಿಗೇ ತಿಳಿಯಲಿಲ್ಲ. ಒಳಗೆ ಹೋಗಿ ಮೇಲ್ ಓದಿ ಹೇಳಿದಾಗ ಸಾತಲಿಂಗಪ್ಪನವರ ಮುಖ ಇಷ್ಟಾಯಿತು.

"ನಾ ಮೋಸಾ ಮಾಡೀನಂತ? ನಲವತ್ತ ವರ್ಷ ಗಾದಿ ಮ್ಯಾಲ ಕುಂತೀನಿ, ಒಬ್ಬ ಗಿರಾಕೀಗೂ ಹರಕ ಚಾದರ ಕೊಟ್ಟಿಲ್ಲ."

"ಮೋಸಾ ಅಲ್ರಿ ಅಪ್ಪಾ. ಅವರಿಗಿ ಬೋಣಿ ಅಂದ್ರೇನಂತ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ತಿಳಿಸಿ ಹೇಳು. ನನ್ನ ಹೆಸರ ಹಾಕಿ ಬರಿ, ನಾನ ಒತ್ತೀನಂತ. ಖರೇ ಹೇಳಾಕ ಹೆದರಿಕಿ ಯಾಕ?"

"ಬರದ ಬಿಡೋ ಸಿದ್ದೂ," ಎಂದ ತುಕಾರಾಮ. "ಕಾಕಾ ಬರೋಬರ ಹೇಳ್ತಾರ."

"ಮತ್ತ ಮನ್ಯಾಗ ಹಂಗ್ಯಾಕ ಬೈತಿದ್ರಿ?" ಎಂದ ಸಿದ್ಧೇಶ್ವರ.

"ಬೈಲಿಲ್ಲಂದ್ರ ನೀ ಇಷ್ಟ ದುಡೀತಿದ್ದೇನು?" ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಸಿದ್ಧೇಶ್ವರ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿದ. ದೀಪಾವಳಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗಲೂ ಮನಸ್ಸೆಲ್ಲ ಕೆಫೆಯಲ್ಲೇ. ಪಾಡ್ಯದ ಹಿಂದಿನ ದಿನ ಉತ್ತರ ಬಂತು. ಹಿರಿಯರು ಒತ್ತಿದ್ದನ್ನು ಕಳೆದಿದ್ದೇವೆ, ಉಳಿದದ್ದಕ್ಕೆ ಚೆಕ್ಕು ಕಳಿಸುತ್ತೇವೆ, ಖಾತೆ ನಡೆಯುತ್ತದೆ, ಹಿರಿಯರು ಮಾತ್ರ ದಯವಿಟ್ಟು ಇನ್ನು ಒತ್ತಬಾರದು. ಅವನು ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟ. ಆದರೆ ಚೆಕ್ಕು ಸಮುದ್ರ ದಾಟಿ ಬರುವುದು ಯಾವಾಗ? ಗಡುವು ನಾಳೆಯೇ.

ಪಾಡ್ಯದ ದಿನ ಅಂಗಡಿಗೆ ಹೋದರೆ, ಅಪ್ಪನ ಗಾದಿಯ ಪಕ್ಕದಲ್ಲಿ ಇನ್ನೊಂದು ಹೊಸ ಬಿಳಿ ಗಾದಿ ಹಾಸಿತ್ತು. ಅವನ ಜೀವ ಇಳಿದುಹೋಯಿತು. ಅಪ್ಪನ ಮಾತೆಂದರೆ ಮಾತು. ಪೂಜೆ ಮುಗಿದದ್ದೇ ತೆಪ್ಪಗೆ ಹೋಗಿ ಅದರ ಮೇಲೆ ಕೂಡಲು ಬಗ್ಗಿದ.

"ಅಲ್ಲಿ ಕುಂದರಬ್ಯಾಡ," ಎಂದರು ಸಾತಲಿಂಗಪ್ಪನವರು. "ಅದು ಕಂಪ್ಯೂಟರಿನ ಜಾಗಾ. ನಾಳಿ ತುಕಾರಾಮ ಒಂದ ಹಳೇದು ತಂದ ಕೂಡಸ್ತಾನ. ಫೋನಿನ ವಾಯರ ಅಲ್ಲಿತನಕಾನ ಮುಟ್ಟತೈತಿ."

ಸಿದ್ಧೇಶ್ವರ ಬಗ್ಗಿದವನು ಎದ್ದು ನಿಂತ. "ಅಪ್ಪಾ, ರೊಕ್ಕಾ ಇನ್ನೂ ಬಂದಿಲ್ರಿ."

"ಬರತೈತಿ. ಬೋಣಿ ಮಾಡಿದಾಂವ ನಾ ಅಲ್ಲೇನು?" ಎಂದು ಅವರು ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತರು. "ಆದ್ರ ಆ ಕಂಪ್ಯೂಟರ ನನ್ನ ಕೈಗಿ ಸಿಗಲಾರದಂಗ ಇಡು. ಮುಂಜಾನಿ ಆತಂದ್ರ ಈ ಕೈ ಸುಮ್ಮ ಇರಂಗಿಲ್ಲ."