ಬಸ್ ಮೇಷ್ಟ್ರ ನೀಲಿ ಹೂವು

ಒತ್ತಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು, ಯಾರು ತಂದರು ಎಂದು ಚೀಟಿ ಹಚ್ಚಿ ಕಪಾಟಿನಲ್ಲಿಡುವುದು ಹರ್ಬೇರಿಯಂನಲ್ಲಿ ನನ್ನ ಕೆಲಸ. ತೀರಿಹೋಗುವವರೆಗೂ ಇದೇ ಕುರ್ಚಿಯಲ್ಲಿ ನನ್ನ ಅಪ್ಪ ಕೂತಿದ್ದರು. ಕಾಡಿನ ನೀಲಿ ಹೂವೆಂದರೆ ಅವರಿಗೆ ಪ್ರಾಣ. ಒಂದು ಕಪಾಟಿನ ತುಂಬ ಅದರದ್ದೇ ಹಾಳೆಗಳು. ಜೊತೆಯವರು ಅವರನ್ನು ಬಸ್ ಮೇಷ್ಟ್ರು ಎನ್ನುತ್ತಿದ್ದರು. ಕಾಡಿನ ದಾರಿಯ ಬಸ್ಸಿನಲ್ಲಿ ಹೋಗಿ ನಡುವೆ ಇಳಿದು, ಅದು ಕೊನೆಯ ನಿಲ್ದಾಣ ಮುಟ್ಟಿ ತಿರುಗಿ ಬರುವಷ್ಟರಲ್ಲಿ ರಸ್ತೆ ಬದಿಯ ಗಿಡ ಕಿತ್ತು, ಅದೇ ಬಸ್ ಹತ್ತಿ ಮರಳುತ್ತಿದ್ದರು.

ಈಚೆಗೆ ಆ ಕಾಡಿನ ಒಳಭಾಗ ಕಡಿಯುತ್ತಾರೆಂದು ಸುದ್ದಿ ಬಂತು. ಅಧಿಕಾರಿಯೊಬ್ಬರು ಬಂದು ನನ್ನ ಮೇಜಿನ ಮೇಲೆ ನಕ್ಷೆ ಹರಡಿದರು. ಅಪ್ಪನ ಚೀಟಿಗಳನ್ನು ನೋಡಿ ಇಟ್ಟ ಚುಕ್ಕೆಗಳೆಲ್ಲ ರಸ್ತೆಯುದ್ದಕ್ಕೂ ಸಾಲಾಗಿದ್ದವು.

“ನೋಡಿ ಮೇಡಂ, ಹೂವು ಇರೋದೇ ರಸ್ತೆ ಪಕ್ಕ. ಆ ಅಂಚನ್ನ ನಾವು ಮುಟ್ಟಲ್ಲ. ನಿಮ್ಮ ತಂದೆಯವರ ಕೆಲಸಾನೇ ನಮಗೆ ಆಧಾರ.”

ನನಗೆ ಮೈಯೆಲ್ಲ ಉರಿಯಿತು. “ಅದು ಹೂವಿನ ನಕ್ಷೆ ಅಲ್ಲ ಸಾರ್, ಬಸ್ಸಿನ ನಕ್ಷೆ! ಬಸ್ ನಿಂತಲ್ಲೆಲ್ಲ ಚುಕ್ಕೆ ಬಿದ್ದಿದೆ, ಅಷ್ಟೇ.”

“ಹಾಗಾದ್ರೆ ಕಾಡಿನ ಒಳಗಿನದೊಂದು ಹಾಳೆ ತೋರಿಸಿ, ಕಡಿಯೋದು ಬಿಟ್ಬಿಡ್ತೀವಿ.”

ಕಪಾಟೆಲ್ಲ ತಡಕಾಡಿದೆ. ಒಂದೂ ಇರಲಿಲ್ಲ. ಆ ಸಿಟ್ಟನ್ನು ಮನೆಗೆ ಹೋಗಿ ಅಮ್ಮನ ಮುಂದೆ ಕಾರಿದೆ. ಅಪ್ಪನ ಕೆಲಸದಲ್ಲೇ ಹುಳುಕು ಹುಡುಕುತ್ತೀಯಾ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ.

“ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕ್ಕೊಳ್ಳಕ್ಕಾಗುತ್ತೇನೇ?” ಎಂದಳು ಅಮ್ಮ. “ನಡಿ, ನಾನೂ ಬರ್ತೀನಿ. ಹೂ ಬಿಡೋ ಕಾಲ ಮುಗಿಯೋದ್ರೊಳಗೆ ಹೋಗಿ ನೋಡೇ ಬಿಡೋಣ.”

ಭಾನುವಾರ ಬಸ್ ಇಳಿದು, ರಸ್ತೆ ಬಿಟ್ಟು ಒಳಗೆ ನಡೆದೆವು. ಮೊದಮೊದಲು ಬರೀ ತರಗೆಲೆ, ಮುಳ್ಳು. ಅಮ್ಮ ಮಂಡಿ ಹಿಡಿದುಕೊಂಡು ಕಾಡನ್ನೂ ನನ್ನನ್ನೂ ಸೇರಿಸಿ ಬೈದಳು. ದಿಬ್ಬ ಹತ್ತಿ ಇಳಿದರೆ, ಮರಗಳ ಕೆಳಗೆ ಕಾಲಿಡಲು ಜಾಗವಿಲ್ಲದಂತೆ ನೀಲಿ ಹೂವು! ಈ ವಯಸ್ಸಿನಲ್ಲಿ ನಾನು ಕುಣಿದುಬಿಟ್ಟೆ. ಬೇರು ಸಮೇತ ಒಂದು ಗಿಡ ತೆಗೆದು ಹಳೇ ಪೇಪರಿನ ನಡುವೆ ಒತ್ತಿದೆ. ಅದರ ಹಾಳೆ ನೋಡಿದ ಮೇಲೆ ಅಧಿಕಾರಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾಡು ಉಳಿಯಿತು.

ಆದರೆ ಅಂದು ಕಾಡಿನಲ್ಲಿ, ಗಿಡ ಒತ್ತಿ ತಿರುಗಿ ನೋಡಿದರೆ ಅಮ್ಮ ಬಿದ್ದ ಮರವೊಂದರ ಮೇಲೆ ಕೂತು ಅಳುತ್ತಿದ್ದಳು.

“ಏನಾಯ್ತಮ್ಮ?”

“ಹೋದ ಬಸ್ಸಲ್ಲೇ ವಾಪಸ್ ಬರ್ಬೇಕು ಅಂತ ನಿಮ್ಮಪ್ಪನ ಹತ್ರ ಆಣೆ ಮಾಡಿಸ್ಕೊಂಡಿದ್ದೆ ಕಣೇ. ಕಾಡಲ್ಲಿ ಏನಾದ್ರೂ ಆಗ್ಬಿಟ್ರೆ ಅಂತ ನಂಗೆ ಭಯ. ಪುಣ್ಯಾತ್ಮ, ಒಂದಿನಾನೂ ಮಾತು ಮೀರ್ಲಿಲ್ಲ. ಇಷ್ಟು ಹೂವು ನೋಡ್ದೇನೇ ಹೋಗ್ಬಿಟ್ರಲ್ಲೇ.”